ನನ್ನ ಮಂಚದ ಕೆಳಗಿದ್ದ ಜೆರಾಕ್ಸ್ ಅಂಗಡಿ

ನಾನು ಕರಾರಿಗೆ ಸಹಿ ಹಾಕಿದಾಗ ಆ ಮನೆ ಇನ್ನೂ ಗುಂಡಿಯಾಗಿತ್ತು. ನವೆಂಬರ್ ತಿಂಗಳು. ಬೇಲಿಯ ಸಂದಿಯಲ್ಲಿ ಇಣುಕಿದರೆ ಕೆಸರುನೀರು, ಅದರ ನಡುವೆ ಸುಮ್ಮನೆ ನಿಂತ ಒಂದು ಕ್ರೇನು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ವಿಶ್ವವಿದ್ಯಾಲಯದ ಸುತ್ತ ಮನೆ ಹಿಡಿಯುವ ರೀತಿಯೇ ಹೀಗೆ. ಮುಂದಿನ ಆಗಸ್ಟ್‌ಗೆ ಬೇಕಾದ ಮನೆಗೆ ಹಿಂದಿನ ಚಳಿಗಾಲಕ್ಕೆ ಮೊದಲೇ ಸಹಿ ಬೀಳಬೇಕು. ಈಗಿರುವ ಮನೆಯಲ್ಲಿ ಇನ್ನೂ ಸೂಟ್‌ಕೇಸ್ ಪೂರ್ತಿ ಬಿಚ್ಚಿರುವುದಿಲ್ಲ, ಅಷ್ಟರಲ್ಲಿ ಮುಂದಿನ ಮನೆಯ ಚಿಂತೆ.

ಮನೆ ಬಾಡಿಗೆಗೆ ಕೊಡುವ ಕಂಪನಿಯ ಆಫೀಸಿನಲ್ಲಿ ಗೋಡೆಯಷ್ಟು ದೊಡ್ಡ ಚಿತ್ರವೊಂದಿತ್ತು. ಆರು ಮಹಡಿ ಕಟ್ಟಡ, ಕೆಳಗೆ ಗಾಜಿನ ಅಂಗಡಿಸಾಲು, ಹೊರಗೆ ಛತ್ರಿ, ಛತ್ರಿಯ ಕೆಳಗೆ ಕಾಫಿ ಕುಡಿಯುತ್ತ ನಗುವ ಜನ. ಒಬ್ಬರ ಮೈಮೇಲೂ ಜಾಕೆಟ್ ಇರಲಿಲ್ಲ. ಆ ಊರಿನಲ್ಲಿ ಜಾಕೆಟ್ ಇಲ್ಲದೆ ಹೊರಗೆ ಕೂರುವ ತಿಂಗಳುಗಳಲ್ಲಿ ವಿದ್ಯಾರ್ಥಿಗಳು ಅರ್ಧಕ್ಕರ್ಧ ಊರಲ್ಲೇ ಇರುವುದಿಲ್ಲ ಅಂತ ಚಿತ್ರ ಬರೆದವರಿಗೆ ಯಾರೂ ಹೇಳಿರಲಿಲ್ಲವೇನೋ.

ಇದಕ್ಕೆ ಮಿಕ್ಸ್ಡ್ ಯೂಸ್ ಅಂತ ಹೆಸರು. ಕೆಳಗೆ ಅಂಗಡಿ, ಮೇಲೆ ಮನೆ. ಇದಕ್ಕೂ ಒಂದು ಹೆಸರು ಬೇಕಾ ಅಂತ ನನಗೆ ಮೊದಲು ನಗು ಬಂದಿತ್ತು. ಆದರೆ ಅಮೆರಿಕದ ಊರುಗಳಲ್ಲಿ ಮನೆಗೊಂದು ವಲಯ, ಅಂಗಡಿಗೊಂದು ವಲಯ ಅಂತ ಗೆರೆ ಎಳೆದಿಟ್ಟು ಬಹಳ ಕಾಲವಾಗಿದೆ. 1926ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಯೂಕ್ಲಿಡ್ ಎಂಬ ಊರಿನ ಪ್ರಕರಣದಲ್ಲಿ ಅದು ಸರಿ ಅಂದಿತ್ತು. ಅಷ್ಟು ವರ್ಷ ದೂರ ಇಟ್ಟದ್ದನ್ನು ಈಗ ಮತ್ತೆ ಒಟ್ಟಿಗೆ ತರಲು ಅರ್ಜಿ, ಸಭೆ, ನಕ್ಷೆ, ಅನುಮತಿ ಎಲ್ಲವೂ ಬೇಕು. ಮ್ಯಾಡಿಸನ್‌ಗೆ ಜಾಗದ ತಾಪತ್ರಯ ಬೇರೆ. ಮೆಂಡೋಟಾ ಮತ್ತು ಮೊನೋನಾ ಎಂಬ ಎರಡು ಸರೋವರಗಳ ನಡುವಿನ ಕಿರಿದಾದ ಪಟ್ಟಿಯ ಮೇಲೆ ಪೇಟೆ ಕೂತಿದೆ, ಅಗಲಕ್ಕೆ ಬೆಳೆಯುವ ಹಾಗಿಲ್ಲ. ಎತ್ತರಕ್ಕೂ ಮಿತಿ ಇದೆ. ರಾಜ್ಯದ ಶಾಸನಸಭೆ ಇರುವ ಕ್ಯಾಪಿಟಲ್ ಕಟ್ಟಡದಿಂದ ಒಂದು ಮೈಲಿಯೊಳಗೆ ಯಾವ ಕಟ್ಟಡವೂ ಅದರ ಗುಮ್ಮಟದ ಕೆಳಗಿನ ಕಂಬಗಳ ಬುಡವನ್ನು ಮೀರಬಾರದು. 1966ರಲ್ಲಿ ನಗರ ಮಾಡಿಕೊಂಡ ಈ ನಿಯಮ 1990ರಲ್ಲಿ ರಾಜ್ಯದ ಕಾನೂನೇ ಆಯಿತು. ಹೀಗಾಗಿ ಯಾರಾದರೂ ಕಟ್ಟಿದರೆ ನಿವೇಶನದ ಅಂಚಿನಿಂದ ಅಂಚಿಗೆ, ಒಂದಡಿಯೂ ಬಿಡದೆ ಕಟ್ಟುತ್ತಾರೆ. ಆ ಅಂಚಿನೊಳಗೆ ಮೊದಲಿದ್ದದ್ದು ಹೋಗುತ್ತದೆ.

ನಮ್ಮ ಗುಂಡಿಯ ಜಾಗದಲ್ಲಿ ಮೊದಲು ಇದ್ದದ್ದು ಒಂದು ಜೆರಾಕ್ಸ್ ಅಂಗಡಿ. ಒಂದೇ ಅಂತಸ್ತು, ತಗ್ಗು ಛಾವಣಿ, ಬಾಗಿಲು ತೆಗೆದರೆ ಬಿಸಿ ಕಾಗದದ ವಾಸನೆ. ಕೋರ್ಸಿನ ಓದು ಸಾಮಗ್ರಿಯನ್ನು ಸುರುಳಿ ತಂತಿ ಹಾಕಿ ಕಟ್ಟಿಕೊಡುತ್ತಿದ್ದ ಮುದುಕರೊಬ್ಬರು ಯಾರು ಏನು ಓದುತ್ತಿದ್ದಾರೆ ಅಂತ ಪುಟ ತಿರುವಿ ನೋಡಿ ಒಂದು ಮಾತು ಹೇಳದೆ ಬಿಡುತ್ತಿರಲಿಲ್ಲ. ಅಂಗಡಿ ಮುಚ್ಚಿದಾಗ ಬೇಜಾರು ಮಾಡಿಕೊಂಡವಳೂ ನಾನೇ. ಅದೇ ಜಾಗದ ಮನೆಗೆ ಮೊದಲ ವಾರದಲ್ಲೇ ಸಹಿ ಹಾಕಿದವಳೂ ನಾನೇ.

ಕಾರಣ ಇತ್ತು. ಹಳೆಯ ಮರದ ಮನೆಯೊಂದರಲ್ಲಿ ನಾವು ನಾಲ್ಕು ಜನ ಒಂದೇ ಕರಾರಿನ ಮೇಲೆ ಇದ್ದೆವು. ಆ ವರ್ಷದ ಜನವರಿಯಲ್ಲಿ ಒಬ್ಬಳು ಓದು ಬಿಟ್ಟು ಹೊರಟಳು. ಅವಳ ಪಾಲಿನ ಬಾಡಿಗೆಯನ್ನು ಉಳಿದ ಮೂವರೇ ತುಂಬಬೇಕಾಯಿತು, ಜಂಟಿ ಕರಾರು ಎಂದರೆ ಅದೇ. ಹೊಸ ಕಟ್ಟಡಗಳಲ್ಲಿ ಬಾಡಿಗೆ ಮನೆಯ ಲೆಕ್ಕವಲ್ಲ, ಮಲಗುವ ಕೋಣೆಯ ಲೆಕ್ಕ. ನಿನ್ನ ಕೋಣೆಗೆ ನಿನ್ನ ಸಹಿ, ಪಕ್ಕದವಳು ಓಡಿಹೋದರೆ ಅದು ಕಂಪನಿಯ ತಲೆನೋವು. ಹಳೆ ಮನೆಗಿಂತ ಹೆಚ್ಚುಕಮ್ಮಿ ಒಂದೂವರೆ ಪಟ್ಟು ಬಾಡಿಗೆ ಆದರೂ ಆ ಒಂದು ಮಾತಿಗೆ ನಾನು ಸೋತೆ.

ಇನ್ನು ಆಗಸ್ಟ್ 14. ಮ್ಯಾಡಿಸನ್‌ನಲ್ಲಿ ಇದ್ದವರಿಗೆ ಆ ತಾರೀಖು ಹೇಳಿದರೆ ಸಾಕು. ಕ್ಯಾಂಪಸ್ ಸುತ್ತಲಿನ ಬಹುಪಾಲು ಕರಾರುಗಳು ಅಂದು ಮಧ್ಯಾಹ್ನ ಮುಗಿಯುತ್ತವೆ, ಹೊಸವು ಮಾರನೆಯ ದಿನ ಮಧ್ಯಾಹ್ನ ಶುರುವಾಗುತ್ತವೆ. ನಡುವಿನ ಒಂದು ರಾತ್ರಿ ಸಾವಿರಾರು ಜನಕ್ಕೆ ಮನೆಯೇ ಇರುವುದಿಲ್ಲ. ಫುಟ್‌ಪಾತ್ ತುಂಬ ಸೋಫಾ, ಮೈಕ್ರೋವೇವ್, ಕಾಲು ಮುರಿದ ಮೇಜು. ಕೆಲವರು ಪುಣ್ಯಾತ್ಮರು ‘ಕೆಲಸ ಮಾಡುತ್ತದೆ’ ಅಂತ ಟೇಪಿನ ಮೇಲೆ ಬರೆದು ಅಂಟಿಸಿರುತ್ತಾರೆ. ಬೇಕಾದವರು ಎತ್ತಿಕೊಂಡು ಹೋಗುತ್ತಾರೆ. ಊರಿನವರು ಇದನ್ನು ಹಿಪ್ಪಿ ಕ್ರಿಸ್‌ಮಸ್ ಅನ್ನುತ್ತಾರೆ. ನನ್ನ ಓದುವ ದೀಪ ಅಲ್ಲಿಂದಲೇ ಬಂದದ್ದು.

ನಾನು ನನ್ನ ಹನ್ನೊಂದು ಡಬ್ಬಗಳನ್ನು ಲ್ಯಾಬಿನ ಮೂಲೆಗೆ ಪೇರಿಸಿ, ರಾತ್ರಿ ಅಲ್ಲೇ ಮೇಜಿನ ಕೆಳಗೆ ಮಲಗುವುದೆಂದು ತೀರ್ಮಾನಿಸಿ, ಸಂಜೆ ವಿದ್ಯಾರ್ಥಿಗಳು ಸೇರುವ ಮೆಮೋರಿಯಲ್ ಯೂನಿಯನ್ ಕಟ್ಟಡದ ಹಿಂದಿನ ಟೆರೇಸಿಗೆ ಹೋದೆ. ಮೆಂಡೋಟಾ ದಡದಲ್ಲಿ ಸೂರ್ಯನ ಕಿರಣದ ಆಕಾರದ ಬೆನ್ನಿರುವ ಹಸಿರು, ಹಳದಿ, ಕಿತ್ತಳೆ ಬಣ್ಣದ ಕುರ್ಚಿಗಳು. ಅರ್ಧದಷ್ಟು ಕುರ್ಚಿಗಳಲ್ಲಿ ನನ್ನಂಥ ಒಂದು ರಾತ್ರಿಯ ನಿರಾಶ್ರಿತರೇ ಇದ್ದರು. ಒಬ್ಬನ ಮಡಿಲಲ್ಲಿ ಮೀನಿನ ಬಟ್ಟಲು, ಮೀನಿನ ಸಮೇತ. ಒಂಬತ್ತು ಗಂಟೆಗೆ ಫೋನು ಮಿನುಗಿತು. ಕಂಪನಿಯ ಮೇಲ್. ಶುರುವಾದದ್ದೇ ‘ನಿಮ್ಮನ್ನು ಬರಮಾಡಿಕೊಳ್ಳಲು ನಮಗೆ ತುಂಬ ಸಂಭ್ರಮ’ ಅಂತ. ಮೂರನೆಯ ಪ್ಯಾರಾದಲ್ಲಿ ವಿಷಯ ಇತ್ತು. ನಾಲ್ಕರಿಂದ ಮೇಲಿನ ಮಹಡಿಗಳಿಗೆ ನಗರದ ತನಿಖೆ ಮುಗಿದಿಲ್ಲ, ವಾಸಕ್ಕೆ ಅನುಮತಿ ಪತ್ರ ಬಂದಿಲ್ಲ, ಸದ್ಯಕ್ಕೆ ಹೋಟೆಲಿನಲ್ಲಿ ಇರಿಸುತ್ತೇವೆ. ನನ್ನದು ಐದನೆಯ ಮಹಡಿ. ಮೀನಿನವನು ನನ್ನ ಮುಖ ನೋಡಿ, “ನಿಮಗೂ ಬಂತಾ?” ಅಂದ. ಅವನದು ಆರನೆಯದು.

ಹೋಟೆಲು ಹೆದ್ದಾರಿಯ ಪಕ್ಕ, ಊರಾಚೆ. ಹನ್ನೆರಡು ದಿನ ಅಲ್ಲಿ. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಮೀನು ಆರೋಗ್ಯವಾಗಿತ್ತು.

ಹದಿಮೂರನೆಯ ದಿನ ಒಳಗೆ ಕಾಲಿಟ್ಟೆ. ಲಿಫ್ಟಿನ ಗೋಡೆಗೆ ಗೀರು ಬೀಳದಂತೆ ದಪ್ಪ ಕಂಬಳಿ ಕಟ್ಟಿದ್ದರು. ಫ್ರಿಜ್ಜಿನ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ, ಸ್ನಾನದ ತೊಟ್ಟಿಯಲ್ಲಿ ಒಂದು ಹಿಡಿ ಮರದ ಪುಡಿ. ನನ್ನ ಕೋಣೆಯಲ್ಲಿ ಕಿಟಕಿ ಇತ್ತು, ಕಿಟಕಿಯ ಆಚೆ ಕಟ್ಟಡದ್ದೇ ಇನ್ನೊಂದು ರೆಕ್ಕೆ, ಅದರಲ್ಲಿ ಇನ್ನೊಬ್ಬರ ಕಿಟಕಿ. ಸ್ವಿಚ್ಚುಗಳಿಗೆ ಮುಚ್ಚಳ ಇರಲಿಲ್ಲ. ಸಂಜೆ ಒಬ್ಬ ಎಲೆಕ್ಟ್ರಿಷಿಯನ್ ಬಂದ. ಐವತ್ತರ ಆಸುಪಾಸು, ಮೊಣಕಾಲಿಗೆ ಪ್ಯಾಡು, ಕಿವಿಯ ಸಂದಿಯಲ್ಲಿ ಚಪ್ಪಟೆ ಪೆನ್ಸಿಲ್ಲು. ಮುಚ್ಚಳ ತಿರುಗಿಸುತ್ತ ತಿರುಗಿಸುತ್ತ ಗೋಡೆಗೆ ಬೆರಳ ಗೆಣ್ಣಿನಿಂದ ಬಡಿದು, “ಕೇಳಿಸಿತಾ?” ಅಂದ. ಡೊಳ್ಳಿನಂಥ ಸದ್ದು.

“ಮರ. ಎರಡನೆಯ ಮಹಡಿಯಿಂದ ಮೇಲೆಲ್ಲ ಮರವೇ. ಕಾಂಕ್ರೀಟು ಕೆಳಗಿನ ಅಂಗಡಿಯ ಮಟ್ಟಕ್ಕೆ ಮಾತ್ರ.”

ನನಗದು ಹೊಸ ವಿಷಯವೇನಲ್ಲ. ಏಪ್ರಿಲ್‌ನಲ್ಲಿ ತರಗತಿಗೆ ಹೋಗುತ್ತ ಬರುತ್ತ ಬೆಂಕಿಕಡ್ಡಿ ಗೂಡಿನ ಹಾಗೆ ಅದು ಏಳುವುದನ್ನು ನೋಡಿದ್ದೆ. ಒಂದು ಕಾಂಕ್ರೀಟ್ ಪೀಠ, ಮೇಲೆ ಐದು ಮಹಡಿ ಮರದ ಚೌಕಟ್ಟು. ಪ್ರತಿ ಕೋಣೆಯ ಸೂರಿಗೆ ಬೆಂಕಿ ಬಿದ್ದರೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಹಾಕಿದರೆ ಕಟ್ಟಡ ನಿಯಮ ಇದನ್ನು ಒಪ್ಪುತ್ತದೆ; ಉಕ್ಕು, ಕಾಂಕ್ರೀಟಿಗಿಂತ ಅಗ್ಗ, ಬೇಗ ಏಳುತ್ತದೆ. ಅಮೆರಿಕದ ಯಾವ ಕಾಲೇಜು ಊರಿಗೆ ಹೋದರೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಕಾಣುವ ಕಟ್ಟಡಗಳ ಗುಟ್ಟು ಇದು. ನೋಡಿದ್ದೇ ಬೇರೆ, ಅದರೊಳಗೆ ರಾತ್ರಿ ಮಲಗಿ ಮೇಲಿನ ಮಹಡಿಯವನು ಎಷ್ಟು ಹೆಜ್ಜೆಗೆ ಬಚ್ಚಲು ತಲುಪುತ್ತಾನೆ ಅಂತ ಎಣಿಸುವುದೇ ಬೇರೆ. (ಹದಿನಾಲ್ಕು.)

ಹೊರಡುವಾಗ ಆತ ಒಂದು ಬುದ್ಧಿ ಹೇಳಿದ. “ಎಲ್ಲವನ್ನೂ ಬರೆದಿಡಿ. ಬಾಗಿಲ ಗೀರು, ಟೈಲ್ಸಿನ ಸೀಳು, ಎಲ್ಲ. ಆಮೇಲೆ ನೀವೇ ಮಾಡಿದ್ದು ಅಂತಾರೆ.”

ವಿಸ್ಕಾನ್ಸಿನ್‌ನಲ್ಲಿ ಅದಕ್ಕೊಂದು ಹಾಳೆಯೇ ಇದೆ. ಮನೆ ಸೇರಿದಾಗ ಮಾಲೀಕರು ಚೆಕ್-ಇನ್ ಶೀಟ್ ಕೊಡಬೇಕು, ಏಳು ದಿನದೊಳಗೆ ಕಂಡ ಕೊರತೆಗಳನ್ನೆಲ್ಲ ತುಂಬಿ ನಾವು ವಾಪಸು ಕೊಡಬೇಕು. ಬಿಟ್ಟು ಹೋಗುವಾಗ ಠೇವಣಿಯನ್ನು 21 ದಿನದೊಳಗೆ ಅವರು ಮರಳಿಸಬೇಕು, ಹಿಡಿದುಕೊಂಡರೆ ಯಾಕೆಂದು ಬರೆದು ತಿಳಿಸಬೇಕು. ಆಗ ನಮ್ಮ ಕೈಲಿರುವ ಆಯುಧ ಆ ಹಾಳೆ. ನಾನು ಟಾರ್ಚ್ ಹಿಡಿದು ಮೊಣಕಾಲ ಮೇಲೆ ತೆವಳಿ ನಲವತ್ತೊಂದು ಕೊರತೆ ಬರೆದೆ. ಹಾಳೆ ಸಾಲದೆ ಹಿಂಬದಿಗೂ ಹೋಯಿತು. ಬರೆದು ಮುಗಿಸಿ, ಇದರದೊಂದು ಜೆರಾಕ್ಸ್ ಇಟ್ಟುಕೊಳ್ಳಬೇಕು ಅಂದುಕೊಂಡು ಚಪ್ಪಲಿ ಮೆಟ್ಟಿ ಕೆಳಗಿಳಿದೆ.

ಇಳಿದು ಫುಟ್‌ಪಾತಿಗೆ ಬಂದ ಮೇಲೆ ಎಲ್ಲಿಗೆ ಹೊರಟಿದ್ದೇನೆ ಅಂತ ಅರಿವಾಯಿತು. ಕಾಲು ತನ್ನಷ್ಟಕ್ಕೆ ಎಡಕ್ಕೆ ತಿರುಗಿ, ಬಾಗಿಲಿದ್ದ ಕಡೆ ನಿಂತಿತ್ತು. ನನ್ನ ಕೋಣೆಯ ನೇರ ಕೆಳಗೆ. ಈಗಲ್ಲಿ ಆಳೆತ್ತರದ ಗಾಜು, ಗಾಜಿನ ಒಳಗಿಂದ ಕಂದು ಕಾಗದ, ಅದರ ಮೇಲೆ ಅದೇ ಛತ್ರಿ, ಅದೇ ನಗುವ ಜನ, ‘ಅಂಗಡಿ ಬಾಡಿಗೆಗೆ’.

ಆ ಅಂಗಡಿಸಾಲು ನಾನಿದ್ದ ವರ್ಷವಿಡೀ ಖಾಲಿಯೇ ಇತ್ತು. ಬೀದಿಗೆ ಕಳೆ ಇರಲಿ ಅಂತ ಕೆಳಗೆ ಅಂಗಡಿ ಬೇಕೆಂದು ಕೇಳುವುದು ನಗರ. ಕಟ್ಟುವವರ ಲೆಕ್ಕ ಕೂಡುವುದು ಮೇಲಿನ ಕೋಣೆಗಳ ಬಾಡಿಗೆಯಿಂದ. ಕೆಳಗಿನದು ಬರೀ ಚಿಪ್ಪು. ನೆಲ, ಸೂರು, ನೀರಿನ ಪೈಪು, ವೈರು ಎಲ್ಲ ಬಾಡಿಗೆಗೆ ಬಂದವರೇ ಹಾಕಿಸಿಕೊಳ್ಳಬೇಕು, ಅದೂ ಮೂರು ಜೆರಾಕ್ಸ್ ಅಂಗಡಿಯಷ್ಟು ಅಗಲಕ್ಕೆ. ದೊಡ್ಡ ಚೈನು ಕಂಪನಿ ಬಂದರೆ ಬರಬೇಕು. ಸುರುಳಿ ತಂತಿಯ ಮುದುಕರು ಎಲ್ಲಿಂದ ಬಂದಾರು? ಕೇಳಿದ್ದು ಸಿಕ್ಕಿತು ಅಂತ ನಗರದವರು, ಕೊಟ್ಟಿದ್ದೇವೆ ಅಂತ ಕಂಪನಿಯವರು. ನಡುವೆ ಕಂದು ಕಾಗದ.

ಹಾಳೆ ಹಿಡಿದು ನಡೆದು ಹೋಗಿ ಲೈಬ್ರರಿಯಲ್ಲಿ ಕಾಪಿ ಮಾಡಿಕೊಂಡೆ. ಮಾರನೆಯ ದಿನ ಮಧ್ಯಾಹ್ನ ಅದನ್ನು ಆಫೀಸಿಗೆ ಕೊಟ್ಟು ಬರುವಾಗ, ಗಾಜಿನ ಮೂಲೆಯಲ್ಲಿ ಕಾಗದ ಅಂಗೈಯಗಲ ಹರಿದದ್ದು ಕಂಡಿತು. ಹಣೆ ಗಾಜಿಗೆ ಒತ್ತಿ ನೋಡಿದೆ. ಜಲ್ಲಿಯ ನೆಲ, ಅದರಿಂದ ಮೇಲೆದ್ದು ಬಾಯಿಗೆ ಮುಚ್ಚಳ ಹಾಕಿದ ಬಿಳಿ ಪೈಪುಗಳು. ನಡುವೆ ಐದಾರು ಜನ ಬಣ್ಣದ ಬಕೆಟ್ಟು ಬೋರಲು ಹಾಕಿ ಕೂತು ಊಟ ಮಾಡುತ್ತಿದ್ದರು. ಅವರ ಮಧ್ಯೆ ನನ್ನ ಎಲೆಕ್ಟ್ರಿಷಿಯನ್. ಗಾಜಿಗೆ ಅಂಟಿದ ನನ್ನ ಮುಖ ನೋಡಿ, ಕೈಯಲ್ಲಿದ್ದ ಸ್ಯಾಂಡ್‌ವಿಚ್ ಎತ್ತಿ ತೋರಿಸಿದ.