ಹಾಗಲಕಾಯಿಗಾಗಿ 5,000 ಕೋಟಿ ನೊಣ

ಜಪಾನಿನ ಓಕಿನಾವಾ ದ್ವೀಪಗಳ ಜನರಿಗೆ ಹಾಗಲಕಾಯಿ ಅಂದ್ರೆ ಪ್ರಾಣ. ಆದರೆ ಅದನ್ನು ಜಪಾನಿನ ಮುಖ್ಯ ದ್ವೀಪಗಳಿಗೆ ವರ್ಷಗಟ್ಟಲೆ ಕಳಿಸುವಂತಿರಲಿಲ್ಲ. ಕಾರಣ, ಹೊರಗಿನಿಂದ ಬಂದು ಸೇರಿಕೊಂಡ ಒಂದು ಹಣ್ಣುನೊಣ. ನಮ್ಮ ಹಾಗಲ, ಹೀರೆಯೊಳಗೆ ಹುಳ ಬಿಡುತ್ತದಲ್ಲ, ಅದೇ ಜಾತಿ.

ಅವರ ಉಪಾಯ ನೋಡಿ. ಅದೇ ನೊಣವನ್ನು ಕೋಟಿಗಟ್ಟಲೆ ಸಾಕಿದರು! ಕೋಬಾಲ್ಟ್ ವಿಕಿರಣ ಹಾಯಿಸಿ ಸಂತಾನಶಕ್ತಿ ತೆಗೆದರು, ಹೆಲಿಕಾಪ್ಟರಿನಿಂದ ಉದುರಿಸಿದರು. ಇಂಥ ಗಂಡಿನ ಜೊತೆ ಕೂಡಿದ ಹೆಣ್ಣಿನ ಮೊಟ್ಟೆ ಮರಿಯಾಗುವುದಿಲ್ಲ. 1978ರಲ್ಲಿ ಕುಮೆ ದ್ವೀಪ ಮುಕ್ತವಾಯಿತು, 1993ಕ್ಕೆ ಎಲ್ಲ ದ್ವೀಪಗಳೂ. ಒಟ್ಟು ಬಿಟ್ಟ ನೊಣ 5,000 ಕೋಟಿಗೂ ಜಾಸ್ತಿ.

ಸುತ್ತ ಸಮುದ್ರ ಇದ್ದದ್ದು ಅವರಿಗೆ ಅನುಕೂಲ. ನಮ್ಮಲ್ಲಾದರೆ ಪಕ್ಕದ ತೋಟದಿಂದಲೇ ಮತ್ತೆ ಹಾರಿ ಬರುತ್ತದೆ, ಅಲ್ವಾ? ಅದೇನೇ ಇರಲಿ, ಹಾಗಲಕಾಯಿಗಾಗಿ ಸರ್ಕಾರವೊಂದು ಇಷ್ಟು ಹಠ ಹಿಡಿದದ್ದು ನನಗಂತೂ ಬಲು ಇಷ್ಟವಾಯಿತು.