ಮೂರು ಸ್ಪೋರ್ಟ್ ಬೈಕುಗಳಲ್ಲಿ ಆಗುಂಬೆ ಇಳಿದು ಚಾರ್ಮಾಡಿ ಹತ್ತಿದ ಅನುಭವ

ಕಳೆದ ನವೆಂಬರ್ ಕೊನೆಯ ವಾರ ನಾವು ಮೂವರು ಗೆಳೆಯರು ಬೆಂಗಳೂರಿನಿಂದ ಹಾಸನ, ಬೇಲೂರು, ಚಿಕ್ಕಮಗಳೂರು, ಶೃಂಗೇರಿ, ಆಗುಂಬೆ ಮಾರ್ಗವಾಗಿ ಉಡುಪಿಗೆ ಹೋಗಿ, ಕಾರ್ಕಳ, ಉಜಿರೆ ಹಾಗೂ ಚಾರ್ಮಾಡಿ ಘಾಟಿಯ ಮೂಲಕ ಮರಳಿದೆವು. ಶುಕ್ರವಾರ ನಸುಕಿನಿಂದ ಭಾನುವಾರ ಸಂಜೆಯವರೆಗಿನ ಈ ಸುತ್ತು ಎಂಟುನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಇದೇ ದಾರಿಯಲ್ಲಿ ಕಾರಿನಲ್ಲಿಯೂ ಹಳೆಯ 150 ಸಿ.ಸಿ. ಬೈಕಿನಲ್ಲಿಯೂ ಹೋಗಿದ್ದೇನಾದರೂ, ಮಧ್ಯಮ ತೂಕದ ಸ್ಪೋರ್ಟ್ ಬೈಕಿನಲ್ಲಿ ಹೋಗುವಾಗ ದಾರಿಯ ಲೆಕ್ಕಾಚಾರವೇ ಬೇರೆ. ಅಂಥ ಗಾಡಿ ಇರುವವರಿಗೂ, ಕೊಳ್ಳುವ ಮುನ್ನ ದಿನನಿತ್ಯದ ಓಡಾಟಕ್ಕೆ ಇದು ಒಗ್ಗೀತೇ ಎಂದು ಯೋಚಿಸುತ್ತಿರುವವರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನದು ಕವಾಸಕಿ ನಿಂಜಾ 650. ಎರಡು ಸಿಲಿಂಡರಿನ 649 ಸಿ.ಸಿ. ಎಂಜಿನ್, 196 ಕಿಲೋ ತೂಕ, 790 ಮಿಲಿಮೀಟರ್ ಎತ್ತರದ ಸೀಟು, 15 ಲೀಟರಿನ ಟ್ಯಾಂಕು. ಒಬ್ಬ ಗೆಳೆಯರದು ನಾಲ್ಕು ಸಿಲಿಂಡರಿನ ಹೋಂಡಾ ಸಿಬಿಆರ್ 650ಆರ್, ಇನ್ನೊಬ್ಬರದು ಮೂರು ಸಿಲಿಂಡರಿನ ಟ್ರಯಂಫ್ ಡೇಟೋನಾ 660. ಎರಡು, ಮೂರು, ನಾಲ್ಕು ಸಿಲಿಂಡರುಗಳು ಒಂದೇ ದಾರಿಯಲ್ಲಿ ಸೇರಿದ್ದು ಕಾಕತಾಳೀಯವೇ ಆದರೂ, ಮೂರು ದಿನ ಗಾಡಿಗಳನ್ನು ಆಗಾಗ ಅದಲುಬದಲು ಮಾಡಿಕೊಂಡದ್ದರಿಂದ ನಮ್ಮ ನಡುವೆ ಬಹುಕಾಲದಿಂದ ನಡೆಯುತ್ತಿದ್ದ ವಾದಕ್ಕೆ ಒಂದಿಷ್ಟು ಆಧಾರ ಸಿಕ್ಕಿತು.

ಆ ವಾದ ಇಷ್ಟೆ. ಡೇಟೋನಾ ಗೆಳೆಯರು ಕೆಂಗೇರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ನೈಸ್ ರಸ್ತೆಯಲ್ಲಿ ದಿನವೂ ಅದೇ ಬೈಕಿನಲ್ಲಿ ಹೋಗಿ ಬರುತ್ತಾರೆ. ಅವರ ಪ್ರಕಾರ ಇದಕ್ಕಿಂತ ಒಳ್ಳೆಯ ದಿನಬಳಕೆಯ ವಾಹನ ಬೇರೆ ಇಲ್ಲ. ಸಿಬಿಆರ್ ಗೆಳೆಯರ ಮನೆಯಲ್ಲಿ ಕಚೇರಿಗೆಂದು ಪ್ರತ್ಯೇಕವಾಗಿ ಒಂದು ಸ್ಕೂಟರ್ ಇದೆ, ಸ್ಪೋರ್ಟ್ ಬೈಕು ಶನಿವಾರ ಬೆಳಿಗ್ಗೆ ಮಾತ್ರ ಹೊರಬರುತ್ತದೆ. ನಾನು ರಾಜಾಜಿನಗರದಿಂದ ಹೆಬ್ಬಾಳದ ಕಡೆಗೆ ವಾರದಲ್ಲಿ ಎರಡು ದಿನ ನಿಂಜಾದಲ್ಲಿ ಹೋಗುತ್ತೇನೆ, ಉಳಿದ ದಿನ ಧೈರ್ಯ ಸಾಲುವುದಿಲ್ಲ. ಮೂವರ ಅಭಿಪ್ರಾಯ ಬೇರೆಯಾಗಲು ಗಾಡಿಗಿಂತ ಅವರವರ ದಾರಿಯೇ ಕಾರಣ ಎಂಬುದು ನನ್ನ ಅನಿಸಿಕೆ. ಬೈಕು ಕೊಳ್ಳುವವರು ಮಾಲೀಕರನ್ನು ‘ಗಾಡಿ ಹೇಗಿದೆ’ ಎಂದು ಕೇಳುತ್ತಾರೆಯೇ ಹೊರತು ‘ನಿಮ್ಮ ದಾರಿಯಲ್ಲಿ ಎಷ್ಟು ಸಿಗ್ನಲ್ ಇವೆ’ ಎಂದು ಕೇಳುವುದಿಲ್ಲ.

ಹೊರಡುವ ಸಮಯದ ವಿಷಯದಲ್ಲಿ ರಾಜಿ ಬೇಡ. ಬೆಳಗಿನ ಐದು ಗಂಟೆಯೊಳಗೆ ಗೊರಗುಂಟೆಪಾಳ್ಯ ದಾಟಿದರೆ ನೆಲಮಂಗಲದವರೆಗೆ ಸುಖ. ಏಳರ ನಂತರ ಹೊರಟರೆ ಲಾರಿಗಳ ನಡುವೆ ಮೊದಲ ಗೇರಿನಲ್ಲಿ ತೆವಳಬೇಕು. ಮೈತುಂಬ ಫೇರಿಂಗ್ (ಎಂಜಿನ್ ಮುಚ್ಚುವ ಹೊರಕವಚ) ಹೊದ್ದ, ರೇಡಿಯೇಟರ್ ಇರುವ ಯಾವ ಬೈಕೇ ಆಗಲಿ, ನಿಂತಲ್ಲೇ ನಿಂತರೆ ಫ್ಯಾನ್ ತಿರುಗಲು ಶುರುವಾಗಿ ಬಿಸಿಗಾಳಿ ಮೊಣಕಾಲಿಗೆ ಬಡಿಯುತ್ತದೆ. ಅದು ಗಾಡಿ ಕೆಟ್ಟ ಲಕ್ಷಣವಲ್ಲ, ಎಂಜಿನ್ ತನ್ನ ಶಾಖವನ್ನು ಹೊರಹಾಕುವ ರೀತಿ ಅದು. ಆದರೆ ಮೇ ತಿಂಗಳಲ್ಲಿ ಜೀನ್ಸ್ ತೊಟ್ಟು ಕಚೇರಿಗೆ ಹೋಗುವವರಿಗೆ ಈ ಸಮಾಧಾನ ಸಾಲದು. ಮೈಸೂರು ಕಡೆಯಿಂದ ಬಂದು ಸೇರಿಕೊಳ್ಳುವವರು ಒಂದು ಮಾತು ನೆನಪಿಡಬೇಕು: ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಎಷ್ಟೇ ಸಿ.ಸಿ. ಇರಲಿ, ಸರ್ವಿಸ್ ರಸ್ತೆಯೇ ಗತಿ.

ನೆಲಮಂಗಲದಿಂದ ಹಾಸನದವರೆಗಿನ ರಾಷ್ಟ್ರೀಯ ಹೆದ್ದಾರಿ 75 ನಾಲ್ಕು ಪಥದ ರಸ್ತೆ. ಬೈಕುಗಳಿಗೆ ಟೋಲ್ ಇಲ್ಲ. ಟೋಲ್ ಗೇಟಿನ ಎಡಬದಿಯ ಕಿರಿದಾದ ದಾರಿಯಲ್ಲಿ ಹೋಗಬೇಕು, ಅಲ್ಲಿ ಮರಳು ಮತ್ತು ಹಂಪುಗಳಿರುತ್ತವೆಯಾದ್ದರಿಂದ ವೇಗ ಇಳಿಸಿಯೇ ಹೋಗುವುದು ಒಳ್ಳೆಯದು. ಇಂಥ ರಸ್ತೆಯಲ್ಲಿ ಬೈಕುಗಳಿಗೆ ಗಂಟೆಗೆ 80 ಕಿಲೋಮೀಟರಿನ ಮಿತಿಯಿದೆ. ಆ ವೇಗದಲ್ಲಿ ಆರನೇ ಗೇರಿಗೆ ಹಾಕಿದರೆ ನಿಂಜಾದ ಎಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನ ಆಸುಪಾಸಿನಲ್ಲಿ ನಿರಾಳವಾಗಿ ಉಸಿರಾಡುತ್ತದೆ. 95 ಅಶ್ವಶಕ್ತಿಯ ಡೇಟೋನಾ ಆಗ ಅರೆನಿದ್ರೆಯಲ್ಲಿರುತ್ತದೆ ಎಂದು ಅದರ ಮಾಲೀಕರೇ ನಗುತ್ತಾರೆ. ಯಡಿಯೂರಿನ ಬಳಿ ತಟ್ಟೆ ಇಡ್ಲಿ ತಿಂದು ಹಾಸನ ಮುಟ್ಟುವವರೆಗೆ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ, ಹೆದ್ದಾರಿಯಲ್ಲಿ ಈ ಮೂರೂ ಗಾಡಿಗಳು ಒಂದೇ ಎನ್ನಿಸುವಷ್ಟು ಸಲೀಸು. ನನಗೆ ಆ ಭಾಗದಲ್ಲಿ ಲೀಟರಿಗೆ 24 ಕಿಲೋಮೀಟರಿನಷ್ಟು ಸಿಕ್ಕಿತು; ಊರೊಳಗೆ 18ಕ್ಕಿಂತ ಹೆಚ್ಚು ಸಿಕ್ಕಿದ್ದು ಅಪರೂಪ.

ನಿಜವಾದ ಪರೀಕ್ಷೆ ಶುರುವಾದದ್ದು ಬೇಲೂರು ದಾಟಿದ ಮೇಲೆ. ಊರೂರಿಗೂ ಹಂಪುಗಳು, ಅವುಗಳಲ್ಲಿ ಕೆಲವಕ್ಕೆ ಬಿಳಿ ಬಣ್ಣವೂ ಇಲ್ಲ. ನಿಂಜಾದ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 130 ಮಿಲಿಮೀಟರ್ ಮಾತ್ರ. ಒಬ್ಬನೇ ಇದ್ದಾಗ ಹಂಪನ್ನು ತುಸು ಓರೆಯಾಗಿ ನಿಧಾನಕ್ಕೆ ದಾಟಿದರೆ ತೊಂದರೆಯಿಲ್ಲ, ಹಿಂದೊಬ್ಬರನ್ನು ಕೂರಿಸಿಕೊಂಡು ಚೀಲವನ್ನೂ ಕಟ್ಟಿದರೆ ಕೆಳಗೆ ತಗುಲುವ ಸದ್ದು ಕೇಳಬೇಕಾಗುತ್ತದೆ. ಹಿಂದೆ ಕೂರಿಸಿಕೊಳ್ಳುವ ಮಾತು ಬಂದದ್ದರಿಂದ ಹೇಳುತ್ತೇನೆ: ಒಮ್ಮೆ ನಂದಿಬೆಟ್ಟದವರೆಗೆ ಬಂದಿದ್ದ ನನ್ನ ಹೆಂಡತಿ ಇಳಿದ ಕೂಡಲೇ, “ಇದು ಸೀಟಲ್ಲ ಕಣ್ರೀ, ಹೊಸ್ತಿಲ ಮೇಲೆ ಕೂತ ಹಾಗಿದೆ” ಎಂದಳು. ಆನಂತರ ನಾನು ಆ ಸೀಟನ್ನು ಚೀಲ ಕಟ್ಟುವ ಜಾಗವೆಂದೇ ಪರಿಗಣಿಸಿದ್ದೇನೆ. ಜೋಡಿಯಾಗಿ ಈ ಪ್ರವಾಸ ಮಾಡಬೇಕೆನ್ನುವವರು ಮೂರು ದಿನದ ಬದಲು ನಾಲ್ಕು ದಿನ ಇಟ್ಟುಕೊಳ್ಳುವುದು, ಇಲ್ಲವೇ ಬೇರೆ ಬಗೆಯ ಬೈಕು ತರುವುದು ಲೇಸು.

ಚಿಕ್ಕಮಗಳೂರಿನಿಂದ ಆಲ್ದೂರು, ಬಾಳೆಹೊನ್ನೂರು ಮಾರ್ಗವಾಗಿ ಶೃಂಗೇರಿಗೆ ಸುಮಾರು 90 ಕಿಲೋಮೀಟರ್. ಎರಡೂ ಬದಿ ಕಾಫಿ ತೋಟ, ಒಂದರ ಬೆನ್ನಿಗೆ ಒಂದು ತಿರುವು. ನವೆಂಬರಿನಲ್ಲಿ ಅರೇಬಿಕಾ ಕಾಫಿಯ ಕೊಯ್ಲು ನಡೆಯುತ್ತಿರುತ್ತದೆ. ತೋಟದಿಂದ ಹೊರಬರುವ ಜೀಪು, ಟ್ರ್ಯಾಕ್ಟರುಗಳ ಚಕ್ರದ ಕೆಸರು ತಿರುವಿನಲ್ಲೇ ಬಿದ್ದಿರುತ್ತದೆ, ಮರದ ನೆರಳಿನಲ್ಲಿ ಅದು ಕಾಣುವುದೂ ಇಲ್ಲ. ಇಲ್ಲಿ ಗಾಡಿ ಬದಲಾಯಿಸಿಕೊಂಡು ನೋಡಿದಾಗ ಮೂರು ಎಂಜಿನ್‌ಗಳ ಸ್ವಭಾವ ಸ್ಪಷ್ಟವಾಯಿತು. ಸಿಬಿಆರ್‌ನ ಪೂರ್ಣ ಶಕ್ತಿ ಸಿಗುವುದು ಹನ್ನೆರಡು ಸಾವಿರ ಸುತ್ತಿನಲ್ಲಿ. ಸದ್ದು ಅತ್ಯಂತ ಇಂಪು, ಆದರೆ ಬಸ್ಸೊಂದನ್ನು ಹಿಂದಿಕ್ಕಬೇಕಾದರೆ ಎರಡು ಗೇರು ಇಳಿಸಬೇಕು. ನಿಂಜಾದ ಎಳೆತ 6,700 ಸುತ್ತಿನಲ್ಲೇ ಉತ್ತುಂಗಕ್ಕೆ ಬರುವುದರಿಂದ ಮೂರನೇ ಗೇರಿನಲ್ಲಿಟ್ಟು ಇಡೀ ದಾರಿಯನ್ನು ಸಾಗಿಸಬಹುದು. ಡೇಟೋನಾ ಇವೆರಡರ ನಡುವೆ ನಿಲ್ಲುತ್ತದೆ, ಕೆಳಗಿನ ಸುತ್ತುಗಳಲ್ಲಿಯೂ ಎಳೆಯುತ್ತದೆ, ಮೇಲೂ ಏರುತ್ತದೆ. ನಾಲ್ಕು ಸಿಲಿಂಡರಿನ ಸದ್ದಿಗೆ ಮಾರುಹೋಗಿದ್ದ ನಾನು, ಬಾಳೆಹೊನ್ನೂರಿನ ಹೊತ್ತಿಗೆ ನನ್ನ ಗಾಡಿಯನ್ನೇ ವಾಪಸು ಕೇಳಿದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಮೊದಲ ದಿನದ ವಾಸ್ತವ್ಯ ಶೃಂಗೇರಿಯ ಸಮೀಪದ ಒಂದು ಹೋಂಸ್ಟೇ. ಕೊಠಡಿ, ಊಟ ಎಲ್ಲವನ್ನೂ ವಿಚಾರಿಸಿದ್ದ ನಾವು ಕೇಳದೆ ಬಿಟ್ಟದ್ದು ಒಂದನ್ನೇ: ಮುಖ್ಯ ರಸ್ತೆಯಿಂದ ಮನೆಯವರೆಗಿನ ದಾರಿ ಹೇಗಿದೆ? ಅದು ಜಲ್ಲಿಕಲ್ಲು ಹರಡಿದ ಕಡಿದಾದ ಇಳಿಜಾರು. ನಮ್ಮಲ್ಲೊಬ್ಬರು ನಡಿಗೆಯ ವೇಗದಲ್ಲಿ ಇಳಿಯುತ್ತ ಮುಂದಿನ ಬ್ರೇಕನ್ನು ಹಿಡಿದರು, ಗಾಡಿ ಮೆಲ್ಲಗೆ ಎಡಕ್ಕೆ ಮಲಗಿತು. ಯಾರಿಗೂ ಪೆಟ್ಟಾಗಲಿಲ್ಲ, ಕ್ಲಚ್ ಲಿವರಿನ ತುದಿ ಮಾತ್ರ ಮುರಿಯಿತು. ಎರಡು ಬೆರಳಿನಲ್ಲಿ ಕ್ಲಚ್ ಹಿಡಿಯುತ್ತ ಅವರು ಪ್ರವಾಸ ಮುಗಿಸಿದರು. ಊರಿಗೆ ಬಂದು ಹೊಸ ಲಿವರಿಗಾಗಿ ಹೇಳಿದರೆ, ಮಳಿಗೆಯವರು ಅದು ಕೈಯಲ್ಲಿಲ್ಲ, ತರಿಸಬೇಕು ಎಂದು ಮೂರು ವಾರ ಕಾಯಿಸಿದರು. ಆದ್ದರಿಂದ ಎರಡು ಸಲಹೆ. ತಂಗುವ ಜಾಗಕ್ಕೆ ಫೋನ್ ಮಾಡಿದಾಗ ಗಾಡಿ ನಿಲ್ಲಿಸುವ ಸ್ಥಳ ಸಮತಟ್ಟಾಗಿದೆಯೇ, ಡಾಂಬರು ಎಲ್ಲಿಯವರೆಗೆ ಇದೆ ಎಂದು ಮರೆಯದೆ ಕೇಳಿ. ಇನ್ನೂರು ಕಿಲೋದ ಬೈಕನ್ನು ಇಳಿಜಾರಿನಿಂದ ಹಿಮ್ಮುಖವಾಗಿ ತಳ್ಳುವುದು ಇಬ್ಬರ ಕೆಲಸ. ಕ್ಲಚ್ ಮತ್ತು ಬ್ರೇಕ್ ಲಿವರುಗಳ ಒಂದು ಜೊತೆಯನ್ನು ಸೀಟಿನಡಿಯಲ್ಲೋ ಚೀಲದಲ್ಲೋ ಇಟ್ಟುಕೊಳ್ಳಿ.

ಮರುದಿನ ಬೆಳಿಗ್ಗೆ ವಿದ್ಯಾಶಂಕರ ದೇವಾಲಯ ನೋಡಿ, ಶೃಂಗೇರಿಯಲ್ಲೇ ಟ್ಯಾಂಕು ತುಂಬಿಸಿಕೊಂಡು ಆಗುಂಬೆಗೆ ಹೊರಟೆವು. ಎರಡನೆಯ ದಿನದ ದೂರ ನೂರು ಕಿಲೋಮೀಟರಿಗೂ ಕಡಿಮೆ, ಆದರೆ ಇಡೀ ಪ್ರವಾಸದ ತಿರುಳು ಇಲ್ಲಿದೆ. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಸ್ಪೋರ್ಟ್ ಬೈಕಿನ ಹ್ಯಾಂಡಲ್ ಎಡಬಲಕ್ಕೆ ಹೆಚ್ಚು ತಿರುಗುವುದಿಲ್ಲವಾದ್ದರಿಂದ ತಿರುವಿನ ನಡುವೆ ಸಿಕ್ಕಿಹಾಕಿಕೊಂಡರೆ ಕಾಲೂರುವುದೊಂದೇ ದಾರಿ, ಕಾಲೂರಿದ ಕಡೆ ನೆಲ ಇಳಿಜಾರಾಗಿದ್ದರೆ ಕಾಲು ನೆಲಕ್ಕೆ ಎಟಕುವುದೂ ಇಲ್ಲ. ತಿರುವಿಗೆ ಮುಂಚೆಯೇ ಮೊದಲ ಗೇರಿಗೆ ಇಳಿಸಿ, ಹಾರ್ನ್ ಮಾಡಿ, ಎಂಜಿನ್ನಿನ ಹಿಡಿತದಲ್ಲೇ ಗಾಡಿಯನ್ನು ಬಿಟ್ಟು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತುತ್ತ ಹೊರಅಂಚಿನಿಂದ ಒಳಬರಬೇಕು; ಹಾಗೆಂದು ಎದುರು ಪಥಕ್ಕೆ ಹೋಗಬಾರದು, ಏಕೆಂದರೆ ಮೇಲೇರಿ ಬರುವ ಮಿನಿಬಸ್ಸುಗಳಿಗೆ ಇಡೀ ತಿರುವೂ ಬೇಕಾಗುತ್ತದೆ. ಹತ್ತುವ ವಾಹನಕ್ಕೆ ಮೊದಲ ಹಕ್ಕು, ಅದನ್ನು ಕಂಡ ಕೂಡಲೇ ತಿರುವಿನ ಮೇಲ್ಭಾಗದಲ್ಲೇ ನಿಂತುಬಿಡಿ. ಮುಂದಕ್ಕೆ ಬಾಗಿ ಕೂರುವ ಭಂಗಿಯಲ್ಲಿ ಇಳಿಯುವಾಗ ಮೈಭಾರವೆಲ್ಲ ಮುಂಗೈಗೆ ಬರುತ್ತದೆ. ಹ್ಯಾಂಡಲ್ ತಗ್ಗಿನಲ್ಲಿರುವ ಸಿಬಿಆರ್‌ನಲ್ಲಿ ಇದು ಹೆಚ್ಚು, ಎತ್ತರದ ಹ್ಯಾಂಡಲಿನ ನಿಂಜಾದಲ್ಲಿ ಕಡಿಮೆ. ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ಹಿಡಿದರೆ ಕೈಗೆ ಬಿಡುವು ಸಿಗುತ್ತದೆ. ಕೋತಿಗಳಿಗೆ ತಿಂಡಿ ಎಸೆಯಲೆಂದು ಕಾರುಗಳು ತಿರುವಿನಲ್ಲೇ ನಿಲ್ಲುವುದುಂಟು, ಆ ಬಗ್ಗೆಯೂ ಎಚ್ಚರವಿರಲಿ.

ಸೋಮೇಶ್ವರಕ್ಕೆ ಇಳಿದಾಗ ದಿನನಿತ್ಯ ಇದನ್ನೇ ಓಡಿಸುವ ಡೇಟೋನಾ ಗೆಳೆಯರ ಮುಖದಲ್ಲಿ ಆಯಾಸವಿರಲಿಲ್ಲ, ವಾರಕ್ಕೊಮ್ಮೆ ಓಡಿಸುವವರ ಭುಜ ಬಿಗಿದುಹೋಗಿತ್ತು. ಗಾಡಿ ದೇಹಕ್ಕೆ ಒಗ್ಗುವುದು ದಿನವಹಿ ಬಳಕೆಯಿಂದಲೇ ಎನ್ನುವ ಅವರ ವಾದವನ್ನು ಆ ಹೊತ್ತು ನಾವಿಬ್ಬರೂ ಅಲ್ಲಗಳೆಯಲಾಗಲಿಲ್ಲ.

ಹೆಬ್ರಿ ದಾಟಿದರೆ ಸೆಕೆ. ಗಾಳಿಯಾಡುವ ಬಲೆಬಟ್ಟೆಯ ಜಾಕೆಟ್ ಇದ್ದರೆ ಮಾತ್ರ ಕರಾವಳಿಯನ್ನು ಸಹಿಸಬಹುದು. ಉಡುಪಿಯ ಕೃಷ್ಣಮಠದಲ್ಲಿ ಗಂಡಸರು ಅಂಗಿ ತೆಗೆದು ಒಳಹೋಗಬೇಕು. ಹೆಲ್ಮೆಟ್, ಜಾಕೆಟ್, ಗ್ಲೌಸು, ಬೂಟು ಎಲ್ಲವನ್ನೂ ಹೊತ್ತು ರಥಬೀದಿಯಲ್ಲಿ ಅಲೆಯುವ ಬದಲು ಮೊದಲು ವಸತಿಗೃಹ ಸೇರಿ, ಸ್ನಾನ ಮಾಡಿ, ನಡೆದೇ ದರ್ಶನಕ್ಕೆ ಹೋಗಿ. ಸಂಜೆ ಮಲ್ಪೆಗೆ ಹೋದವರು ಮರಳಿನಲ್ಲಿ ಗಾಡಿ ನಿಲ್ಲಿಸುವಾಗ ಸೈಡ್ ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲನ್ನೋ ಹಲಗೆಯ ತುಂಡನ್ನೋ ಇಡಬೇಕು. ಈ ಗಾಡಿಗಳಿಗೆ ನಡುಸ್ಟ್ಯಾಂಡ್ ಇರುವುದಿಲ್ಲ.

ಮೂರನೆಯ ದಿನ ಸುಮಾರು 400 ಕಿಲೋಮೀಟರ್ ಆಗುವುದರಿಂದ ಬೆಳಕು ಹರಿಯುವಾಗಲೇ ಹೊರಟು ಕಾರ್ಕಳ, ಗುರುವಾಯನಕೆರೆ, ಬೆಳ್ತಂಗಡಿ ದಾಟಿ ಉಜಿರೆಗೆ ಬಂದೆವು. ಚಾರ್ಮಾಡಿ ಘಾಟಿ 2019ರ ಆಗಸ್ಟಿನ ಮಳೆಯಲ್ಲಿ ಕುಸಿದು ಸಂಚಾರ ನಿಂತಿತ್ತು; ಮಳೆಗಾಲದಲ್ಲಿ ಇಲ್ಲಿಯೂ ಆಗುಂಬೆಯಲ್ಲಿಯೂ ಸಂಚಾರಕ್ಕೆ ನಿರ್ಬಂಧ ಬರುವುದು ಸಾಮಾನ್ಯವಾದ್ದರಿಂದ ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು. ಹತ್ತುವುದು ಇಳಿಯುವುದಕ್ಕಿಂತ ಸುಲಭ. ಮಂಜಿನಲ್ಲಿ ಹೆಲ್ಮೆಟ್ಟಿನ ಗಾಜು ಮಸುಕಾದದ್ದೊಂದೇ ಕಷ್ಟ, ಅದಕ್ಕೆ ಗಾಜನ್ನು ಒಂದು ಬೆರಳಿನಷ್ಟು ತೆರೆದಿಡುವುದೇ ಮದ್ದು. ಕೊಟ್ಟಿಗೆಹಾರದ ನೀರುದೋಸೆಗೆ ಅರ್ಧ ಗಂಟೆ ಮೀಸಲಿಡಿ, ನಾವು ಒಂದು ಗಂಟೆ ಕೂತೆವು.

ಬೇಲೂರಿಗೂ ಹಾಸನಕ್ಕೂ ನಡುವೆ ನನ್ನ ಹಿಂದಿನ ಚಕ್ರಕ್ಕೆ ಮೊಳೆ ಚುಚ್ಚಿತು. ಟ್ಯೂಬ್‌ಲೆಸ್ ಟೈರಾದ್ದರಿಂದ ರಸ್ತೆಬದಿಯ ಪಂಕ್ಚರ್ ಅಂಗಡಿಯವರು ಹತ್ತೇ ನಿಮಿಷದಲ್ಲಿ ಬತ್ತಿ (ತೂತು ಮುಚ್ಚುವ ರಬ್ಬರ್ ಎಳೆ) ಹಾಕಿಕೊಟ್ಟರು. ಆದರೆ ಚಕ್ರ ಬಿಚ್ಚಬೇಕಾಗಿದ್ದರೆ ಗಾಡಿಯನ್ನು ಎತ್ತಿ ನಿಲ್ಲಿಸುವ ಸ್ಟ್ಯಾಂಡಾಗಲಿ, ಆ ಅಳತೆಯ ಸ್ಪ್ಯಾನರಾಗಲಿ ಅವರಲ್ಲಿರಲಿಲ್ಲ. ಬತ್ತಿ, ಸೂಜಿ ಮತ್ತು ಸಣ್ಣದೊಂದು ಗಾಳಿ ಪಂಪು ನಿಮ್ಮಲ್ಲೇ ಇರಲಿ. ಗಾಳಿಯ ಒತ್ತಡವನ್ನೂ ನೀವೇ ಹೇಳಿ ಹಾಕಿಸಬೇಕು. ನಿಂಜಾದ ಹಿಂದಿನ ಚಕ್ರಕ್ಕೆ 36 ಪಿ.ಎಸ್.ಐ. ಬೇಕು, ಕೇಳದಿದ್ದರೆ ಸಣ್ಣ ಬೈಕಿನ ಲೆಕ್ಕದಲ್ಲಿ ಹಾಕಿ ಕಳುಹಿಸುತ್ತಾರೆ. ಚೈನಿಗೆ ಐನೂರು ಕಿಲೋಮೀಟರಿಗೊಮ್ಮೆ ಲ್ಯೂಬ್ ಹೊಡೆಯಬೇಕಾದ್ದರಿಂದ ಆ ಡಬ್ಬಿಯನ್ನೂ ಒಯ್ಯಬೇಕು, ಉಡುಪಿಯಲ್ಲಿ ರಾತ್ರಿ ಆ ಕೆಲಸ ಮುಗಿಸಿದರೆ ಸಾಕು.

ಪಂಕ್ಚರಿನಿಂದ ಕಳೆದ ಹೊತ್ತಿನ ಬೆಲೆ ತಿಳಿದದ್ದು ನೆಲಮಂಗಲದಲ್ಲಿ. ಭಾನುವಾರ ಸಂಜೆ ಆರಕ್ಕೆ ಊರಿಗೆ ಮರಳುವವರ ಕಾರುಗಳೆಲ್ಲ ಅಲ್ಲಿ ಒಟ್ಟಾಗಿದ್ದವು. ಅಲ್ಲಿಂದ ರಾಜಾಜಿನಗರಕ್ಕೆ ಒಂದೂವರೆ ಗಂಟೆ, ಫ್ಯಾನ್ ಒಂದು ಕ್ಷಣವೂ ನಿಲ್ಲಲಿಲ್ಲ, ಕ್ಲಚ್ ಹಿಡಿದ ಎಡಗೈ ಆಗುಂಬೆಗಿಂತ ಹೆಚ್ಚಾಗಿ ಇಲ್ಲಿ ನೊಂದಿತು. ಸಾಧ್ಯವಾದರೆ ಪ್ರವಾಸವನ್ನು ಶನಿವಾರಕ್ಕೇ ಮುಗಿಯುವಂತೆ ಗುರುವಾರ ಹೊರಡಿ. ಅದಾಗದಿದ್ದರೆ ಭಾನುವಾರ ಮಧ್ಯಾಹ್ನ ಮೂರರೊಳಗೆ ನೆಲಮಂಗಲ ದಾಟುವಂತೆ ಉಡುಪಿಯನ್ನು ಬಿಡಿ.