ಸೈನ್ ಹಾಕಿದ ಮೇಲೂ ಫೋನ್ ಎತ್ತುತ್ತೀರಿ ಅಲ್ವಾ?

ಈ ವಾರ ಸೈನ್ ಆಫ್ ಮೀಟಿಂಗ್ ಇತ್ತು, ಅಂದರೆ ನಾವು ಮಾಡಿಕೊಟ್ಟ ಸಾಫ್ಟ್‌ವೇರ್ ಒಪ್ಪಿದ್ದೇವೆ ಅಂತ ಗ್ರಾಹಕರು ಸೈನ್ ಹಾಕೋ ಮೀಟಿಂಗ್. ಯುಎಟಿ, ಅಂದರೆ ಬಳಸುವವರೇ ಮಾಡಿ ನೋಡುವ ಪರೀಕ್ಷೆ, ಮುಗಿದಿತ್ತು. ಗಾಜಿನ ಗೋಡೆಯಾಚೆ ಅವರ ಸಿಬ್ಬಂದಿ ನಮ್ಮ ಸಾಫ್ಟ್‌ವೇರಿನಲ್ಲೇ ಬಿಲ್ ಹೊಡೆಯುತ್ತಿದ್ದದ್ದು ಕಾಣುತ್ತಿತ್ತು. ಗ್ರಾಹಕರ ಕಡೆಯ ಮ್ಯಾನೇಜರ್ ಒಪ್ಪಿಗೆ ಪತ್ರ ಎಳೆದುಕೊಂಡರು. ಪೆನ್ನಿನ ಮುಚ್ಚಳ ತೆಗೆದರು, ಓದಿದರು, ಮತ್ತೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು.

“ಕೆಲಸ ಚೆನ್ನಾಗಿದೆ ರೀ, ಎರಡು ಮಾತಿಲ್ಲ. ಸೈನ್ ಮಾತ್ರ ಇನ್ನೊಂದು ವಾರ ಬಿಟ್ಟು ನೋಡೋಣ.”

ಯಾಕೆ ಸರ್ ಅಂದೆ. ಸ್ವಲ್ಪ ತಡೆದು ಕೇಳಿದರು: “ಸೈನ್ ಹಾಕಿದ ಮೇಲೂ ಫೋನ್ ಎತ್ತುತ್ತೀರಿ ಅಲ್ವಾ?”

ಆ ಪ್ರಶ್ನೆ ತಲೆಯಿಂದ ಹೋಗುತ್ತಲೇ ಇಲ್ಲ. ಕೆಟ್ಟ ಮನುಷ್ಯ ಅಲ್ಲ. ಕೆಲಸ ಬಲ್ಲವರು, ಆದರೆ ಪುಕ್ಕಲು. ಹಿಂದೆ ಯಾರೋ ಸೈನ್ ಹಾಕಿಸಿಕೊಂಡು ಕೈ ಎತ್ತಿರಬೇಕು.

ನಮ್ಮ ಸೇಲ್ಸ್‌ನವರು ಶುರುವಿನಲ್ಲೇ “ಅದು ಬರೀ ಫಾರ್ಮಾಲಿಟಿ” ಅಂದಿದ್ದರಂತೆ. ಫಾರ್ಮಾಲಿಟಿ ಅಂತೆ! ಕೊನೆ ಕಂತಿನ ಹಣ ನಿಂತಿರೋದು ಅದೇ ಸೈನ್ ಮೇಲೆ. ವಾರಂಟಿ ಶುರುವಾಗೋದೂ ಅವತ್ತಿನಿಂದ. ಅವರು ಎಷ್ಟು ದಿನ ತಳ್ಳುತ್ತಾರೋ ಅಷ್ಟು ದಿನ ನಮ್ಮದು ಬಿಟ್ಟಿ ರಿಪೇರಿ. ಅವರ ಕಡೆಯಿಂದ ನೋಡಿದರೆ, ನಾಳೆ ಲೆಕ್ಕ ತಪ್ಪಿದಾಗ “ಇದನ್ನ ಒಪ್ಪಿದ್ದು ಯಾರು?” ಅಂತ ಮೇಲಿನವರು ಹುಡುಕೋದು ಇದೇ ಕಾಗದವನ್ನ.

ನಮ್ಮ ಟೆಸ್ಟಿಂಗ್ ಟೀಮ್ ಎಷ್ಟೇ ಟಿಕ್ ಹಾಕಲಿ, ಅದು ನಮ್ಮ ಬೆನ್ನು ನಾವೇ ತಟ್ಟಿಕೊಂಡ ಹಾಗೆ. ಪ್ರಾಜೆಕ್ಟ್ ನಿರ್ವಹಣೆಯ ಕೈಪಿಡಿ ಪಿಎಂಬಾಕ್‌ನ 2017ರ ಆರನೇ ಆವೃತ್ತಿಯೂ ಎರಡನ್ನು ಬೇರೆ ಬೇರೆ ಇಟ್ಟಿದೆ: ಗುಣಮಟ್ಟ ನೋಡೋ ಕ್ವಾಲಿಟಿ ಕಂಟ್ರೋಲ್ ನಮ್ಮ ಕೆಲಸ, ಮುಗಿದ ಕೆಲಸಕ್ಕೆ ಒಪ್ಪಿಗೆ ಪಡೆಯೋ ವ್ಯಾಲಿಡೇಟ್ ಸ್ಕೋಪ್‌ನಲ್ಲಿ ಒಪ್ಪಬೇಕಾದವರು ಗ್ರಾಹಕರು. ಆದರೆ ಒಪ್ಪುವವರಿಗೆ ಭಯ ಇದ್ದರೆ ಏನು ಮಾಡಬೇಕು ಅಂತ ಯಾವ ತರಬೇತಿಯಲ್ಲೂ ನನಗೆ ಯಾರೂ ಹೇಳಿಕೊಡಲಿಲ್ಲ.

ಕರಾರಿನಲ್ಲಿ ಒಂದು ಸಾಲಿದೆ. ಇಂತಿಷ್ಟು ದಿನದೊಳಗೆ ತಕರಾರು ಬರೆದು ಕೊಡದಿದ್ದರೆ ಒಪ್ಪಿದ ಹಾಗೇ ಲೆಕ್ಕ. ನಮ್ಮ ಬಾಸ್‌ಗೆ ಅದನ್ನೇ ಬಳಸೋ ಆಸೆ. ನನಗೆ ಇಷ್ಟವಿಲ್ಲ. ಹೆದರಿದವರಿಗೆ ನೋಟಿಸ್ ಕೊಟ್ಟರೆ ಅವರು ನೇರ ವಕೀಲರ ಹತ್ತಿರ ಓಡುತ್ತಾರೆ, ಅಷ್ಟೇ.

ಸುಮ್ನೆ ಒಂದು ಮೇಲ್ ಬರೆದೆ. ವಾರಂಟಿಯಲ್ಲಿ ಫೋನ್ ಎತ್ತೋದು ಯಾರು, ಎಷ್ಟು ಹೊತ್ತಿನೊಳಗೆ, ಉಳಿದ ಸಣ್ಣಪುಟ್ಟ ದೋಷ ಯಾವ ತಾರೀಖಿಗೆ ಸರಿಯಾಗುತ್ತದೆ. “ಇವಿಷ್ಟು ಬಿಟ್ಟು ಉಳಿದದ್ದಕ್ಕೆ ಒಪ್ಪಿಗೆ” ಅಂತ ಬರೆದೇ ಸೈನ್ ಹಾಕಿ ಅಂದೆ.

ಇವತ್ತು ಉತ್ತರ ಬಂತು. ಒಪ್ಪಿದ್ದಾರೆ. ಜೊತೆಗೆ ದೋಷಗಳ ಪಟ್ಟಿಗೆ ಹೊಸದೊಂದು ರಿಪೋರ್ಟ್ ಬೇಕು ಅಂತ ಮೆಲ್ಲಗೆ ಸೇರಿಸಿದ್ದಾರೆ! ಮೊದಲು ಒಪ್ಪಿಕೊಂಡ ಮಾನದಂಡಗಳಲ್ಲಿ ಅದರ ಸುಳಿವೇ ಇಲ್ಲ. ಅದಕ್ಕೆ ಬೇರೆಯಾಗಿ ಚೇಂಜ್ ರಿಕ್ವೆಸ್ಟ್ (ಬದಲಾವಣೆಯ ಕೋರಿಕೆ) ಕೊಡಿ ಸರ್ ಅಂತ ನಾಳೆ ನಯವಾಗಿ ಬರೆಯಬೇಕು.